ಒಡೆದ ಹಾಲಿನ ನಾಲ್ಕು ಗುಂಡಿ

ಮೇಲವಂಕಿಯ ಮಾಲಿಂಗಪ್ಪ ಮದುವೆ, ಸಭೆ, ಸತ್ಕಾರ ಎಂದು ಎಲ್ಲಿಗೆ ಹೊರಟರೂ ಮೊದಲು ನಡುಮನೆಯ ಕನ್ನಡಿ ಮುಂದೆ ಎದೆ ಉಬ್ಬಿಸಿ ನಿಲ್ಲುತ್ತಿದ್ದ. ನಿಂತು, "ಸುಂದ್ರೀ, ಗುಂಡಿ" ಎನ್ನುತ್ತಿದ್ದ. ಅಷ್ಟೇ ಮಾತು. ಹೆಂಡತಿ ಸುಂದ್ರವ್ವ ಎಲ್ಲಿದ್ದರೂ ಬರಬೇಕು. ಸಗಣಿ ಕೈಯಾಗಿದ್ದರೆ ತೊಳೆದುಕೊಂಡು, ಹಂಚಿನ ಮೇಲೆ ರೊಟ್ಟಿ ಇದ್ದರೆ ಇಳಿಸಿಟ್ಟು ಬರಬೇಕು. ಪೆಟ್ಟಿಗೆಯಿಂದ ನಾಲ್ಕು ಬಂಗಾರದ ಗುಂಡಿ ತೆಗೆದು, ಅವನ ಬಿಳಿ ನೆಹರು ಅಂಗಿಯ ತೂತುಗಳಲ್ಲಿ ಒಂದೊಂದಾಗಿ ತೂರಿಸಿ, ಹಿಂದಿನ ಕೊಂಡಿಗೆ ಸಣ್ಣ ಉಂಗುರ ಸಿಕ್ಕಿಸಬೇಕು. ತಿರುಗಿ ಬಂದ ಮೇಲೆ ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಇಡಬೇಕು. ಅಂಗಿ ಒಗೆಯುವ ಮೊದಲು ಅವನ್ನು ತೆಗೆಯಬೇಕು ಎಂಬುದಾದರೂ ಮಾಲಿಂಗಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಗುಂಡಿ ಹಾಕುವಷ್ಟು ಹೊತ್ತೂ ಅವನು ನೋಡುತ್ತಿದ್ದದ್ದು ಕನ್ನಡಿಯೊಳಗಿನ ತನ್ನ ಮೀಸೆಯನ್ನು.

ಇದನ್ನು ಮೊದಲೇ ಹೇಳಬೇಕು. ಸುಂದ್ರವ್ವನ ಸೇಡಿಗೆ ದಾರಿ ಸಿಕ್ಕಿದ್ದು ಇಲ್ಲೇ. ತನ್ನ ಎದೆಯ ಮೇಲಿನದನ್ನು ಒಮ್ಮೆಯೂ ಕೈಯಿಂದ ಮುಟ್ಟಿ ನೋಡದ ಗಂಡಸಿಗೆ ಅಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು?

ಸುಂದ್ರವ್ವ ಹುಕ್ಕೇರಿ ತಾಲೂಕಿನ ದಡ್ಡಿಯವಳು. ಹದಿನೆಂಟಕ್ಕೆ ಮದುವೆಯಾಗಿ ಬಂದಳು; ಈಗ ನಲವತ್ತೈದು. ಬಂದ ಮರುದಿನ ಅತ್ತೆ ಅವಳ ಕೈಗೆ ಹಾಲು ಹಿಂಡುವ ಚರಿಗೆ ಕೊಟ್ಟಳು. ಆ ಚರಿಗೆ ಇನ್ನೂ ಅವಳ ಕೈಯಲ್ಲೇ ಇದೆ. ಅತ್ತೆ ತೀರಿಕೊಂಡಳು, ಎಮ್ಮೆಗಳು ಮೂರು ತಲೆಮಾರು ಬದಲಾದವು, ಕೊಟ್ಟಿಗೆಗೆ ತಗಡು ಬಂತು, ಬೇಸಿಗೆಯಲ್ಲಿ ಎಮ್ಮೆಗಳಿಗೆ ಸೆಕೆಯಾಗಬಾರದೆಂದು ಫ್ಯಾನೂ ಬಂತು. ಅಡುಗೆಮನೆಗೆ ಮಾತ್ರ ಬರಲಿಲ್ಲ.

ಈಗಿರುವ ಎಮ್ಮೆ ನಾಲ್ಕು: ಕೆಂಚಿ, ಗೌರಿ, ಸಿಂಗಾರಿ, ಮತ್ತೆ ಮೂವರಿಗೂ ಹಿರಿಯಳಾದ ದೊಡ್ಡವ್ವ. ನಾಲ್ಕೂ ಸುಂದ್ರವ್ವನ ಕೈಗೆ ಹೊಂದಿದವು. ಬೇರೆಯವರು ಕೆಚ್ಚಲು ಮುಟ್ಟಿದರೆ ಹಾಲನ್ನು ಮೇಲಕ್ಕೆ ಏರಿಸಿಕೊಂಡು ಕಲ್ಲಿನಂತೆ ನಿಂತುಬಿಡುತ್ತವೆ. ದೊಡ್ಡವ್ವನಂತೂ ಒದೆಯುತ್ತಾಳೆ. ಹೀಗಾಗಿ ಸುಂದ್ರವ್ವ ಜ್ವರ ಬಂದರೆ ಜ್ವರದಲ್ಲೇ ಹಿಂಡಿದಳು, ಮಗಳು ವಿದ್ಯಾಳನ್ನು ಹೆತ್ತ ಎಂಟನೆಯ ದಿನಕ್ಕೆ ಎದ್ದು ಹಿಂಡಿದಳು, ಅಪ್ಪ ಸತ್ತಾಗ ದಡ್ಡಿಗೆ ಹೋಗಿ ಮಣ್ಣು ಹಾಕಿ, ಸಂಜೆಯ ಹಿಂಡುವ ಹೊತ್ತಿಗೆ ತಿರುಗಿ ಬಂದಳು. ಕೋಳಿ ಕೂಗುವ ಮೊದಲು ಏಳುವುದು, ಸಗಣಿ ಬಳಿಯುವುದು, ಹಿಂಡಿ ಕಲಸುವುದು, ಮೇವು ಕೊಯ್ಯುವುದು, ಕೆಚ್ಚಲು ತೊಳೆಯುವುದು, ಹಿಂಡುವುದು, ಸೋಸುವುದು, ಕ್ಯಾನು ತುಂಬುವುದು, ಎಲ್ಲವೂ ಅವಳದು. ತುಂಬಿದ ಕ್ಯಾನನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಊರಬಾಗಿಲಿನ ಅಗಸಿಯ ಬಳಿಯ ಡೇರಿಗೆ ಮುಟ್ಟಿಸುವುದು ಮಾಲಿಂಗಪ್ಪನದು. ಹೋಗುವುದಕ್ಕೆ ಮೂರು ನಿಮಿಷ. ಅಲ್ಲಿ ಕೂತು ಮಾತಾಡಿ ಬರುವುದಕ್ಕೆ ಎರಡು ತಾಸು. ಊರು ಅವನನ್ನು ಹೈನುಗಾರ ಎನ್ನುತ್ತಿತ್ತು.

ಇದೆಲ್ಲ ಸುಂದ್ರವ್ವನಿಗೆ ಗೊತ್ತಿದ್ದದ್ದೇ, ಎಲ್ಲ ಮನೆಗಳಲ್ಲೂ ಇದ್ದದ್ದೇ. ಇಷ್ಟಕ್ಕೆಲ್ಲ ಸೇಡು ಹುಟ್ಟುವುದಿಲ್ಲ. ಸೇಡು ಹುಟ್ಟಿದ್ದು ಬೋರಮಾಳದಿಂದ.

ಅವಳ ತಾಯಿ ದುಂಡವ್ವ ವರ್ಷಕ್ಕೆ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ನಡೆದವಳು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ಕದಿರು. ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು. ಕುರಿ ಗಂಡನದು, ಉಣ್ಣೆ ಗಂಡನದು. ಕತ್ತರಿಸುವಾಗ ನೆಲಕ್ಕೆ ಬಿದ್ದ ಚೂರುಪಾರು ಉಣ್ಣೆ ಮಾತ್ರ ತನ್ನದು ಎಂದು ಅವಳು ಮದುವೆಯಾದ ವರ್ಷವೇ ಹಟ ಹಿಡಿದು ಗೆದ್ದುಕೊಂಡಿದ್ದಳು. ಆ ಚೂರನ್ನೇ ನೂತು, ಮಾರಿ, ವರ್ಷಕ್ಕೊಂದರಂತೆ ಬಂಗಾರದ ಗುಂಡು ಕೊಂಡಳು. ಹದಿನೆಂಟು ವರ್ಷಕ್ಕೆ ಹದಿನೆಂಟು ಗುಂಡು. ಕೆಂಪು ದಾರದಲ್ಲಿ ಪೋಣಿಸಿ ಬೋರಮಾಳ ಮಾಡಿ ಮಗಳ ಮದುವೆಯಲ್ಲಿ ಕೊರಳಿಗೆ ಕಟ್ಟಿದಾಗ ದುಂಡವ್ವ ಹೇಳಿದ್ದು ಇಷ್ಟು: "ಇದು ನಿಮ್ಮಪ್ಪಂದಲ್ಲ, ನಂದು. ಇವತ್ತಿಂದ ನಿಂದು. ಮತ್ಯಾರದೂ ಅಲ್ಲ."

ಎರಡು ವರ್ಷದ ಹಿಂದೆ ಮಾಲಿಂಗಪ್ಪ ಡೇರಿಯ ಆಡಳಿತ ಮಂಡಳಿಗೆ ಆರಿಸಿ ಬಂದ. ಮೊದಲ ಸಭೆಯಲ್ಲೇ ಯಾರದೋ ಅಂಗಿಯ ಮೇಲೆ ಬಂಗಾರದ ಗುಂಡಿ ನೋಡಿದ. ಸುಂದ್ರವ್ವ ಮೇವಿಗೆ ಹೋಗಿದ್ದಾಗ ಪೆಟ್ಟಿಗೆ ತೆರೆದು, ಬೋರಮಾಳವನ್ನು ಗೋಕಾಕಕ್ಕೆ ಒಯ್ದು, ಪತ್ತಾರನ ಹತ್ತಿರ ಕರಗಿಸಿ ನಾಲ್ಕು ಗುಂಡಿ ಮಾಡಿಸಿಕೊಂಡು ಬಂದ. ಬಂದವನು ಅದನ್ನು ಮುಚ್ಚಿಡಲೂ ಇಲ್ಲ. ಕನ್ನಡಿ ಮುಂದೆ ನಿಂತು, "ಸುಂದ್ರೀ, ಗುಂಡಿ" ಎಂದು ಸಣ್ಣ ಡಬ್ಬಿ ಅವಳ ಕೈಗಿಟ್ಟ.

"ಯಾವ ಬಂಗಾರ್ರಿ ಇದು?" ಎಂದಳು ಅವಳು.

"ಮನ್ಯಾಗಿಂದ. ಪೆಟಿಗ್ಯಾಗ ಸುಮ್ನ ಬಿದ್ದಿತ್ತು."

"ಅದು ನಮ್ಮವ್ವಂದ್ರಿ."

"ನಿಮ್ಮವ್ವಂದೂ ಎಲ್ಲಿ ಹೋಗಿಲ್ಲ, ಮನ್ಯಾಗ ಐತಿ. ಕತ್ತಲ್ಯಾಗ ಇದ್ದದ್ದು ಎದಿ ಮ್ಯಾಲ ಬಂದೈತಿ." ಮಾಲಿಂಗಪ್ಪ ಮೀಸೆ ತಿರುವಿಕೊಂಡ. "ಖರೆ ಹೇಳು, ನಾಕ ಎಮ್ಮಿ ಹಿಂಡಾಕ ಬೋರಮಾಳ ಯಾಕ ಬೇಕು?"

ಸುಂದ್ರವ್ವ ಡಬ್ಬಿ ತೆರೆದಳು. ನಾಲ್ಕೂ ಗುಂಡಿ ಹಾಕಿದಳು. ಹಾಕುವಾಗ ಅವಳ ಬೆರಳಿಗೆ ತಾಯಿ ನಡೆದ ಹದಿನೆಂಟು ವರ್ಷದ ದಾರಿ ತಗುಲುತ್ತಿತ್ತು. ಹಾಲು ಉಕ್ಕುವ ಮೊದಲು ಸುಮ್ಮನೆ ಇರುತ್ತದೆ, ಒಂದು ಸಣ್ಣ ಗುಳ್ಳೆಯೂ ಏಳುವುದಿಲ್ಲ. ನೋಡಿದವರು ಬೆಂಕಿಯೇ ಇಲ್ಲ ಎಂದುಕೊಳ್ಳಬೇಕು. ಸುಂದ್ರವ್ವ ಎರಡು ವರ್ಷ ಹಾಗೆ ಇದ್ದಳು.

ಈ ವರ್ಷ ಶಿವರಾತ್ರಿಯ ಹಿಂದಿನ ಶನಿವಾರ ಮಗಳು ವಿದ್ಯಾ ಗೋಕಾಕದಿಂದ ಬಂದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಸೋಮವಾರ ಎಂಟನೆಯ ತರಗತಿಗೆ ಅಭ್ಯಾಸದ ಪಾಠ ಮಾಡುವುದಿತ್ತು, ವಿಷಯ ಪ್ಲಾಸ್ಟಿಕ್ಕು. ಹುಡುಗರ ಕಣ್ಣೆದುರೇ ಹಾಲಿನಿಂದ ಪ್ಲಾಸ್ಟಿಕ್ ಮಾಡಿ ತೋರಿಸಬೇಕೆಂದು ಅವಳ ಯೋಚನೆ. ಮೊದಲು ಮನೆಯಲ್ಲಿ ಮಾಡಿ ನೋಡೋಣವೆಂದು ಚೈನೀಸ್ ಗಾಡಿಯವರು ಗೋಬಿಗೆ ಹಾಕುವ ವಿನೆಗರಿನ ಬಾಟಲಿ ತಂದಿದ್ದಳು.

"ಅವ್ವಾ, ಒಂದ್ ಲೋಟ ಹಾಲ ಕೊಡು. ಕುದಸಬ್ಯಾಡ, ಬಿಸಿ ಮಾಡು ಸಾಕು."

ಹಾಲು ಬಿಸಿಯಾಯಿತು. ವಿದ್ಯಾ ನಾಲ್ಕು ಚಮಚ ವಿನೆಗರ್ ಸುರಿದಳು. ನೋಡನೋಡುತ್ತ ಹಾಲು ಒಡೆದು, ಬಿಳಿ ಗಂಟುಗಳು ಒಂದು ಕಡೆ, ತಿಳಿ ಹಳದಿ ನೀರು ಒಂದು ಕಡೆಯಾಯಿತು. ಸುಂದ್ರವ್ವ ಹಿಂದಕ್ಕೆ ಸರಿದಳು. ದಡ್ಡಿಯಲ್ಲೂ ಮೇಲವಂಕಿಯಲ್ಲೂ ಕುರುಬರ ಮನೆಗಳಲ್ಲಿ ಬೇಕೆಂದು ಹಾಲು ಒಡೆಸುವುದಿಲ್ಲ. ಮೊಸರು ಮಾಡುತ್ತಾರೆ, ಬೆಣ್ಣೆ ತೆಗೆಯುತ್ತಾರೆ, ಗಿಣ್ಣ ಕಾಸಿ ಊರಿಗೆ ಹಂಚುತ್ತಾರೆ. ಹುಳಿ ಹಿಂಡಿ ಹಾಲು ಒಡೆಸಿದರೆ ಹಟ್ಟಿ ಒಡೆಯುತ್ತದೆ, ಮನೆ ಎರಡಾಗುತ್ತದೆ ಎನ್ನುತ್ತಾರೆ. ತಾನಾಗಿ ಒಡೆದ ಹಾಲನ್ನೂ ಯಾರಿಗೂ ಕಾಣದಂತೆ ತಿಪ್ಪೆಯಲ್ಲಿ ಹುಗಿಯುವ ಮನೆಗಳುಂಟು.

"ನಿಮ್ಮಜ್ಜಿ ನೋಡಿದ್ರ ಏನ್ ಅಂತಿದ್ಲು" ಎಂದಳು.

"ಪಾಪ ನನಗ ಬರಲಿ ಬಿಡ್ ಬೇ, ಮಾರ್ಕ್ಸೂ ನನಗ ಬರತಾವ."

ವಿದ್ಯಾ ಅದನ್ನು ಬಟ್ಟೆಯಲ್ಲಿ ಸೋಸಿ, ನೀರು ಹೋಗುವವರೆಗೆ ಹಿಂಡಿ, ಮಣೆಯ ಮೇಲೆ ನಾದಿದಳು. ನಾದಿದಂತೆಲ್ಲ ಅದು ಕಣಕದ ಹಾಗೆ ಹದಕ್ಕೆ ಬಂತು. ತಟ್ಟಿ, ಟಾನಿಕ್ ಬಾಟಲಿಯ ಮುಚ್ಚಳದಿಂದ ದುಂಡಗೆ ಕತ್ತರಿಸಿದಳು. "ನೆರಳಾಗ ಮೂರ ದಿನ ಒಣಗಿಸಿದ್ರ ಎಲುಬಿನಂಗ ಗಟ್ಟಿ ಆಗತೈತಿ. ಹಾಲಿನ್ಯಾಗ ಕೇಸಿನ್ ಅಂತ ಇರತೈತಿ ಅವ್ವಾ, ಹುಳಿ ಬಿದ್ದಕೂಡ್ಲೆ ಅದು ಒಂದಕ್ಕೊಂದು ಅಂಟಕೋತೈತಿ. ನೂರ ವರ್ಷದ ಹಿಂದ ಪರದೇಶದಾಗ ಇದರಿಂದನ ಅಂಗಿ ಗುಂಡಿ ಮಾಡತಿದ್ರು."

ಮಣೆ ತೊಳೆಯುತ್ತಿದ್ದ ಸುಂದ್ರವ್ವನ ಕೈ ನಿಂತಿತು. "ಏನ್ ಮಾಡತಿದ್ರು?"

"ಗುಂಡಿ. ಅವರು ಅದಕ್ಕೊಂದು ಔಷಧ ಕೂಡಸತಿದ್ರು, ನೀರಾಗ ಬಿದ್ರೂ ಏನೂ ಆಗತಿದ್ದಿಲ್ಲ. ನಮ್ಮದು ಮನ್ಯಾಗ ಮಾಡಿದ್ದು. ನೀರ ತಾಗಿದ್ರ ಮತ್ತ ಮೆತ್ತಗಾಗತೈತಿ."

ಮೂರು ದಿನದ ಮೇಲೆ ಸುಂದ್ರವ್ವ ಒಣಗಿದ ಬಿಲ್ಲೆಯೊಂದನ್ನು ಎತ್ತಿ ಹೊಸ್ತಿಲಿಗೆ ಬಡಿದು ನೋಡಿದಳು. ಟಕ್ ಎಂದಿತು. ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಎದೆಯೊಳಗೆ ಇಟ್ಟುಕೊಂಡು ಎಮ್ಮೆ ಹಿಂಡಲು ಕೂತಳು. ನಾಲ್ಕು ಎಮ್ಮೆ ಹಿಂಡಿ ಎದ್ದು ತೆಗೆದು ನೋಡಿದರೆ ಬಿಲ್ಲೆ ನೆನೆದ ಕಡಲೆಯಂತೆ ಉಬ್ಬಿತ್ತು. ಅಮುಕಿದರೆ ಬೆರಳಿಗೆ ಅಂಟಿತು. ಮೂಸಿದಳು. ಹುಳಿತ ಹಾಲಿನ ನಾತ. ಅವಳಿಗೆ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಮುಂದಿನ ಶನಿವಾರ ವಿದ್ಯಾ ಬರುವಷ್ಟರಲ್ಲಿ ಸುಂದ್ರವ್ವ ಕೆಲಸಕ್ಕೆ ಇಳಿದಾಗಿತ್ತು. ಡೇರಿಗೆ ಹೋಗುವ ಹಾಲಿನಲ್ಲಿ ಒಂದು ಹನಿಯನ್ನೂ ಅವಳು ಮುಟ್ಟಲಿಲ್ಲ. ತನ್ನ ಪಾಲಿನ ಚಹದ ಹಾಲನ್ನು ಉಳಿಸಿ, ಕಪಾಟಿನಲ್ಲಿ ಉಳಿದಿದ್ದ ವಿನೆಗರಿನಿಂದ ಒಡೆಸಿದಳು. ಹದಿನೈದು ದಿನ ಕರೀ ಚಹ ಕುಡಿದಳು. ಯಾರೂ ಕೇಳಲಿಲ್ಲ, ಅವಳ ಲೋಟದಲ್ಲಿ ಏನಿದೆ ಎಂದು ನೋಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಗಂಡ ಡೇರಿಯಲ್ಲಿ ಕೂತಿರುವ ಹೊತ್ತಿನಲ್ಲಿ ಬಂಗಾರದ ಗುಂಡಿಯನ್ನು ಜೇಡಿಮಣ್ಣಿಗೆ ಒತ್ತಿ ಅಚ್ಚು ತೆಗೆದಳು. ಒಣಗಿದ ಅಚ್ಚಿಗೆ ಹಾಲಿನ ಕಣಕ ತುಂಬಿ, ಹಸಿ ಇರುವಾಗಲೇ ಹಿಂದೆ ತಾಮ್ರದ ತಂತಿಯ ಕೊಂಡಿ ಚುಚ್ಚಿದಳು. ಮೊದಲ ಸಲದವು ಬಿಸಿಲಿಗಿಟ್ಟು ಬಿರಿದವು. ಎರಡನೆಯ ಸಲದವನ್ನು ಇರುವೆ ಹೊತ್ತವು. ಮೂರನೆಯ ಸಲ ಜೋಳ ತುಂಬಿಡುವ ನೆಲದ ಹಗೇವಿನಂತೆ ಸುತ್ತ ಬೂದಿ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿ ಕಾದಳು. ಬಂಗಾರದ ಗುಂಡಿಯ ಮೇಲಿದ್ದ ಹೂವಿನ ಎಸಳು, ನಡುವಿನ ಚುಕ್ಕಿ, ಎಲ್ಲ ಹಾಗೇ ಮೂಡಿತ್ತು. ಗಣಪತಿ ಮಾಡುವವರು ಕಿರೀಟಕ್ಕೆ ಬಳಿಯುವ ಬಂಗಾರದ ಬಣ್ಣವನ್ನು ಮುಂದಿನ ಮಗ್ಗುಲಿಗೆ ಮಾತ್ರ ಹಚ್ಚಿದಳು. ಹಿಂದಿನ ಮಗ್ಗುಲು ಬೋಳಾಗಿಯೇ ಇರಲಿ, ಬೆವರೂ ನೀರೂ ಒಳಗೆ ಹೋಗಲಿಕ್ಕೆ ದಾರಿ ಬೇಕಲ್ಲ.

ಎರಡು ವಾರದ ಮೇಲೆ ಮತ್ತೆ ಬಂದ ವಿದ್ಯಾ ನಾಲ್ಕನ್ನೂ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಗೋಕಾಕದಾಗ ರೋಲ್ಡ್‌ಗೋಲ್ಡ್ ಗುಂಡಿ ಸಿಗತಾವ ಅವ್ವಾ. ಬಂಗಾರ ತಗೊಂಡು ಅವ್ನ ಇಟ್ರ ಅಪ್ಪಗ ಜನ್ಮದಾಗ ಗೊತ್ತಾಗೂದಿಲ್ಲ. ಇಷ್ಟೆಲ್ಲ ಯಾಕ?"

"ಅವು ಕರಗೂದಿಲ್ಲಲ್ಲ" ಎಂದಳು ಸುಂದ್ರವ್ವ.

"ಅವ್ವಾ, ಅಪ್ಪನ ಮಾನ ಹೋಗತೈತಿ."

"ಮಾನ ಎಲ್ಲಿ ಹೋಗತೈತಿ. ಗುಂಡಿ ಹೋಗತಾವ." ಅವಳು ಮಗಳ ಅಂಗೈಯಿಂದ ಗುಂಡಿಗಳನ್ನು ಎತ್ತಿಕೊಂಡಳು. "ನಮ್ಮವ್ವನ ಬಂಗಾರ ಕರಗಸುವಾಗ ಅವಗ ನನ್ನ ಮಾನ ನೆನಪಾಗಿಲ್ಲ. ನನ್ನ ಹಾಲ ಅವನ ಎದಿ ಮ್ಯಾಲ ಕರಗಲಿ. ಹತ್ತ ಮಂದ್ಯಾಗ ನಾರಲಿ."

 ಹೊರಡುವಾಗ ವಿದ್ಯಾ ಉಳಿದ ವಿನೆಗರಿನ ಬಾಟಲಿಯನ್ನು ಈ ಸಲವೂ ಮರೆತವಳಂತೆ ಕಪಾಟಿನಲ್ಲೇ ಬಿಟ್ಟು ಹೋದಳು.

ಬಂಗಾರದ ಗುಂಡಿಗಳನ್ನು ಸುಂದ್ರವ್ವ ಗೋಕಾಕಕ್ಕೆ ಒಯ್ಯಲಿಲ್ಲ. ಅಲ್ಲಿಯ ಪತ್ತಾರ ಗಂಡನ ಗುರುತಿನವನು. ಗೌರಿಗೆ ಹುಳದ ಔಷಧ ತರುತ್ತೇನೆ ಎಂದು ಹೇಳಿ ಮೂಡಲಗಿಗೆ ಹೋದಳು. ಅಲ್ಲಿನ ಮುದುಕ ಪತ್ತಾರ ನಾಲ್ಕನ್ನೂ ತೂಗಿ, ಕನ್ನಡಕದ ಮೇಲಿಂದ ನೋಡಿದ.

"ಗುಂಡಿ ಮುರದು ಬೋರಮಾಳ ಮಾಡಂತೀ? ಎಲ್ಲಾರೂ ಬೋರಮಾಳ ಮುರದು ಗುಂಡಿ ಮಾಡಿಸಿಕೊಂಡ ಹೋಗತಾರ."

"ಹೋದದ್ದ ತಿರಗಿ ಬರಬೇಕಲ್ರಿ ಕಾಕಾ."

ಹದಿನೇಳು ಗುಂಡು ಆದವು. ಎರಡು ಸಲ ಬೆಂಕಿ ಕಂಡದ್ದಕ್ಕೆ ಒಂದು ಕಡಿಮೆ ಬಂತು. ಆ ಒಂದು ಗುಂಡಿನ ಜಾಗದಲ್ಲಿ ಸುಂದ್ರವ್ವ ದಾರಕ್ಕೆ ಒಂದು ಗಂಟು ಹಾಕಿಸಿದಳು, ಮರೆಯಬಾರದೆಂದು.

ಹಾಲಿನ ಗುಂಡಿಗಳು ಡಬ್ಬಿಗೆ ಬಂದು ಕೂತವು. ಮಾಲಿಂಗಪ್ಪ ಅವನ್ನು ತೊಟ್ಟು ಒಂದು ಮದುವೆಗೆ ಹೋದ, ಒಂದು ಹೊಸ ಮನೆಯ ವಾಸ್ತುಶಾಂತಿಗೆ ಹೋದ. ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸಿದ, ಮೀಸೆ ನೋಡಿಕೊಂಡ. ಬಾಜೂ ಕೂತವರು ಗುಂಡಿ ಹೊಗಳಿದರೆ, "ಮನಿ ಬಂಗಾರ" ಎಂದ. ಗಾಳಿಯಾಡುವ ಫಾಲ್ಗುಣದ ದಿನಗಳು. ಗುಂಡಿಗೆ ಏನೂ ಆಗಲಿಲ್ಲ. ಬಿಚ್ಚಿಡುವಾಗ ಸುಂದ್ರವ್ವ ಅವನ್ನು ಒಣ ಅರಿವೆಯಲ್ಲಿ ಒರೆಸಿ, ಮಕ್ಕಳಿಗೆ ಹೇಳುವಂತೆ, ಇನ್ನೂ ಹೊತ್ತಿದೆ, ತಡೀರಿ, ಎಂದು ಮನಸ್ಸಿನಲ್ಲೇ ಹೇಳಿದಳು.

ಆ ಹೊತ್ತು ಮೇ ತಿಂಗಳಲ್ಲಿ ಬಂತು. ಗೋಕಾಕದ ಒಂದು ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಊರುಗಳ ಉತ್ತಮ ಹೈನುಗಾರರಿಗೆ ಸತ್ಕಾರ ಎಂದು ಗೊತ್ತಾಯಿತು. ಹತ್ತು ಮಂದಿಯ ಯಾದಿಯಲ್ಲಿ ಮೇಲವಂಕಿಯ ಎರಡು ಹೆಸರಿದ್ದವು, ಅದರಲ್ಲಿ ಒಂದು ಮಾಲಿಂಗಪ್ಪನದು. ಡೇರಿಯ ಕಾರ್ಯದರ್ಶಿ ದುಂಡೇಶ ಮನೆಗೇ ಬಂದು ಹೇಳಿದ. ಹೆಂಗಸರೂ ಬರಬೇಕು, ಖುರ್ಚಿ ಬಹಳ ಹಾಕಿಸಿದ್ದಾರೆ ಎಂದ.

ಬಾಜೂ ಮನೆಯ ರಾಯವ್ವ ಹೂ ಕಟ್ಟಿ ಗೋಕಾಕಕ್ಕೆ ಒಯ್ಯುವವಳು. ಸತ್ಕಾರದ ಮಾಲೆಗಳು ಅವಳಿಗೇ ಬಂದವು. ಮಾಲಿಂಗಪ್ಪ ಬೇಲಿಯ ಮೇಲಿಂದ ಬಗ್ಗಿ ತಾನೇ ಹೇಳಿದ: "ರಾಯವ್ವಾ, ನಂದು ದಪ್ಪ ಇರಬೇಕ್ ನೋಡು. ಎಲ್ಲಾರಕಿಂತ ದಪ್ಪ. ಫೋಟೋದಾಗ ಬಾಡಿದ್ದು ಕಾಣಬಾರ್ದು."

ಅವನು ಒಳಗೆ ಹೋದ ಮೇಲೆ ಸುಂದ್ರವ್ವ ಬೇಲಿಗೆ ಬಂದಳು. "ಅವರಂದದ್ದು ಕೇಳಿದ್ಯಲ್ಲ. ಬಾಡಬಾರ್ದು. ಒದ್ದಿ ಗೋಣಿಚೀಲದಾಗ ಸುತ್ತಿಡು. ಹಾಕೂ ಮುಂದ ಇನ್ನೊಂದ್ ಸಲ ನೀರಾಗ ಅದ್ದು."

"ನೀರ ಸೋರತೈತೆ ಯಕ್ಕಾ, ಅಂಗಿ ಒದ್ದಿ ಆಗತೈತಿ."

"ಬ್ಯಾಸಗಿ. ತಂಪ ಆಗಲಿ."

ರಾಯವ್ವ ಅವಳ ಮುಖ ನೋಡಿದಳು. ಏನೋ ಇದೆ ಎಂದು ತಿಳಿಯಿತು, ಏನೆಂದು ಕೇಳಲಿಲ್ಲ. ಸುಂದ್ರವ್ವ ಅವಳಿಗೆ ಇನ್ನೊಂದು ಮಾತೂ ಹೇಳಿದಳು: "ನಾಳಿ ಸಂಜಿಗಿ ನಾ ಮನೀಗಿ ಬರೂದಿಲ್ಲ. ನಾಲ್ಕೂ ಕರಾ ಬಿಚ್ಚಿಬಿಡು, ಹೊಟ್ಟಿ ತುಂಬ ಕುಡೀಲಿ. ಎಮ್ಮಿಗಿ ತ್ರಾಸ ಆಗಬಾರ್ದು. ಮೇವು ಕೊಯ್ದ ಒಗದೀನಿ, ಎಂಟ ದಿನಕ್ಕ ಸಾಕು."

ಮರುದಿನ ಮುಂಜಾನೆ ಕನ್ನಡಿ ಮುಂದೆ ಅದೇ ಮಾತು. ಸುಂದ್ರವ್ವ ನಾಲ್ಕೂ ಗುಂಡಿ ಹಾಕಿದಳು. ಎಂದಿಗಿಂತ ನಿಧಾನವಾಗಿ ಹಾಕಿದಳು. ಮಾಲಿಂಗಪ್ಪ ಕನ್ನಡಿಯಲ್ಲಿ ನೋಡುತ್ತ, "ಇವತ್ತ ಹೆಂಗ ಕಾಣತೇನಿ?" ಎಂದ.

"ಹಾಲಿನ್ಯಾಗ ತೊಳದಂಗ" ಎಂದಳು.

ಕಲ್ಯಾಣ ಮಂಟಪದಲ್ಲಿ ಜನ ಕಿಕ್ಕಿರಿದಿತ್ತು, ತಗಡಿನ ಮಾಡು ಕಾದಿತ್ತು. ಮೊದಲಿಗೇ ಮಾಲೆ ಹಾಕಿ ಹತ್ತು ಮಂದಿಯನ್ನೂ ವೇದಿಕೆಯ ಮೇಲೆ ಕೂರಿಸಿದರು. ಮಾಲಿಂಗಪ್ಪನ ಮಾಲೆ ಕುರಿಮರಿಯಷ್ಟು ದಪ್ಪವಿತ್ತು. ಸೇವಂತಿಗೆಯಿಂದ ನೀರು ಇಳಿದು ಅಂಗಿಯ ಎದೆ ಮೈಗೆ ಅಂಟಿತು. ಅವನು ಅದನ್ನು ತೆಗೆಯಲಿಲ್ಲ. ಫೋಟೋದವನು ಇನ್ನೂ ಬಂದಿರಲಿಲ್ಲ. ಭಾಷಣಗಳು ಶುರುವಾದವು. ಒಬ್ಬರು, ಇಬ್ಬರು, ಐವರು. ಸುಂದ್ರವ್ವ ಹೆಂಗಸರ ಸಾಲಿನಲ್ಲಿ, ವಿದ್ಯಾಳ ಪಕ್ಕ ಕೂತಿದ್ದಳು. ಮಡಿಲಲ್ಲಿ ಒಂದು ಕೈಚೀಲ. ಅವಳ ಕಣ್ಣು ಮೇಲಿನಿಂದ ಎರಡನೆಯ ಗುಂಡಿಯ ಮೇಲಿತ್ತು. ಒಂದೂವರೆ ತಾಸಾಗುವಷ್ಟರಲ್ಲಿ ಅದರ ಹೊಳಪು ಸುಲಿದು, ಬಿಳಿ ಬಿಳಿಯಾಗಿ ಉಬ್ಬತೊಡಗಿತು.

ನಾತ ಮೊದಲು ಸಿಕ್ಕಿದ್ದು ಮಾಲಿಂಗಪ್ಪನ ಬಾಜೂ ಕೂತಿದ್ದ ಕರೆಪ್ಪನಿಗೆ. ಕರೆಪ್ಪ ಮೇಲವಂಕಿಯವನೇ ಆದ ಎಂಬತ್ತರ ಮುದುಕ, ಬಾಳೆಲ್ಲ ಕುರಿ ಎಮ್ಮೆಗಳ ನಡುವೆ ಕಳೆದವನು. ಸತ್ಕಾರದ ಹತ್ತು ಮಂದಿಯಲ್ಲಿ ನಿಜವಾಗಿ ಹಾಲು ಹಿಂಡಿದ್ದವನು ಅವನೊಬ್ಬನೇ ಇರಬೇಕು. ಮೂಗು ಎತ್ತಿ ಆ ಕಡೆ ಈ ಕಡೆ ಮೂಸಿದ.

"ಎಲ್ಲೋ ಹಾಲ ಒಡದಾವ" ಎಂದ.

ಹಾಲಿನ ಜನರ ಸಭೆ ಅದು. ಆ ಮಾತಿಗೆ ಮುಂದಿನ ಸಾಲಿನವರೆಲ್ಲ ಮೂಸಿದರು. ದುಂಡೇಶ ಗಾಬರಿಯಾಗಿ, ಮಸಾಲೆ ಹಾಲು ಕೆಟ್ಟಿತೇನೋ ಎಂದು ಅಡುಗೆಯವರ ಕಡೆ ಓಡಿದ. ಅಷ್ಟರಲ್ಲಿ ಮಾತಾಡಲು ಮಾಲಿಂಗಪ್ಪನನ್ನು ಕರೆದರು.

ಅವನು ಎದ್ದು ಮೈಕಿನ ಮುಂದೆ ಎದೆ ಉಬ್ಬಿಸಿದ. "ನೋಡ್ರಿ, ಹೈನ ಅಂದ್ರ ತಪಸ್ಸು. ನಾ ಮುಂಜಾನಿ ನಾಕಕ್ಕ ಏಳತೇನ್ರಿ. ಎಮ್ಮಿ ಮೈ ತೊಳೀತೇನಿ, ಹಿಂಡತೇನಿ..."

ಎರಡನೆಯ ಗುಂಡಿಯ ತಂತಿ ಮೆತ್ತಗಿನ ಹಾಲಿನಿಂದ ಕಿತ್ತು ಬಂತು. ಗುಂಡಿ ಮೈಕಿನ ಬುಡಕ್ಕೆ ಬಿದ್ದಿತು. ಸದ್ದಾಗಲಿಲ್ಲ, ಬಂಗಾರ ಬಿದ್ದರೆ ಸದ್ದಾಗಬೇಕಿತ್ತು. ಹಿಂದೆಯೇ ಮೂರನೆಯದು ಕಳಚಿ ಹೊಟ್ಟೆಯ ಮೇಲೆ ಜಾರಿ, ಬಿಳಿ ಅಂಗಿಯ ಮೇಲೆ ಹಳದಿ ಗೆರೆ ಎಳೆಯಿತು. ಅಂಗಿ ಬಾಯಿ ತೆರೆಯಿತು. ಮಾಲಿಂಗಪ್ಪ ತಟ್ಟನೆ ಉಳಿದೆರಡು ಗುಂಡಿಗಳಲ್ಲಿ ಒಂದನ್ನು ಕೈಯಿಂದ ಹಿಡಿದ. ಎರಡು ವರ್ಷದಲ್ಲಿ ಅವನು ತನ್ನ ಗುಂಡಿಯನ್ನು ಮುಟ್ಟಿದ್ದು ಅದೇ ಮೊದಲು. ಅದು ಬೆರಳುಗಳ ನಡುವೆ ಗಿಣ್ಣದಂತೆ ಒಡೆದುಹೋಯಿತು.

 ಗುಂಡಿ ಕೈಕೊಟ್ಟಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿದ್ದದ್ದು ಒಂದೇ. ಅದನ್ನೇ ಮಾಡಿದ. ಮೈಕಿಗೆ ಬಾಯಿಟ್ಟುಕೊಂಡೇ, "ಸುಂದ್ರೀ, ಗುಂಡಿ" ಎಂದ.

ಮಂಟಪದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಹೇಳಿದವು.

ಸುಂದ್ರವ್ವ ಎದ್ದು ನಿಂತಳು. ಕೈಚೀಲದಿಂದ ಕೆಂಪು ದಾರದ ಬೋರಮಾಳ ತೆಗೆದು, ಎಲ್ಲರೂ ನೋಡುತ್ತಿರುವಾಗಲೇ ಕೊರಳಿಗೆ ಕಟ್ಟಿಕೊಂಡಳು. ಅವಳಿಗೆ ಮೈಕು ಇರಲಿಲ್ಲ. ಬೇಕಾಗಲೂ ಇಲ್ಲ, ಸಭೆಯೆಲ್ಲ ಅವಳ ಕಡೆಗೇ ತಿರುಗಿತ್ತು.

"ನಾ ನಾಕ ಎಮ್ಮಿ ಹಿಂಡಾಕಿರಿ" ಎಂದಳು. "ನೀವು ಈಗ ಹೇಳಿದ್ರಲ್ಲ, ನಾನ ಹಿಂಡತೇನಿ ಅಂತ. ಇವತ್ತ ಸಂಜಿಗಿ ಹಿಂಡ್ರಿ. ಗುಂಡಿನೂ ನೀವ ಹಾಕ್ಕೊರಿ."

ಕರೆಪ್ಪ ಬಗ್ಗಿ ನೆಲದ ಮೇಲಿನದನ್ನು ಎತ್ತಿ ಮೂಸಿದ. "ಎಮ್ಮಿ ಹಾಲು" ಎಂದ. "ಚೊಲೋ ಹಾಲು. ನೀರ ಕೂಡಿಸಿಲ್ಲ." ಆಗ ಹೆಂಗಸರ ಸಾಲಿನಲ್ಲಿ ಮೊದಲ ನಗು ಎದ್ದಿತು. ಗಂಡಸರು ಆಮೇಲೆ ನಕ್ಕರು.

ಆ ನಗು ಮುಗಿಯುವುದನ್ನು ಸುಂದ್ರವ್ವ ಕಾಯಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಹುಕ್ಕೇರಿಯ ಬಸ್ಸು ಹತ್ತಿದಳು.

ದಡ್ಡಿಯಲ್ಲಿ ತಮ್ಮ ಸಿದ್ರಾಯನ ಮನೆ ತುಂಬ ಮಕ್ಕಳು ಮರಿ. ದುಂಡವ್ವ ಪಡಸಾಲೆಯಲ್ಲಿ ಕೂತು ಮೊಮ್ಮಗನಿಗೆ ಕಂಬಳಿ ಹೊಲಿಯುತ್ತಿದ್ದಳು. ಮಗಳ ಕೊರಳು ನೋಡಿದಳು. ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದ ಒಂದೊಂದೇ ಗುಂಡು ಮುಟ್ಟಿದಳು. ಗಂಟಿನ ಹತ್ತಿರ ಬೆರಳು ನಿಂತಿತು. ಸುಂದ್ರವ್ವ ಎಲ್ಲ ಹೇಳಿದಳು. ಕೊನೆಗೆ, "ಹಾಲ ಒಡಿಸೀನ್ ಯವ್ವಾ" ಎಂದಳು. ಅದೊಂದೇ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ದುಂಡವ್ವ ಕಂಬಳಿಯಲ್ಲಿ ಸೂಜಿ ಎಳೆಯುತ್ತ ಹೇಳಿದಳು: "ಒಡಸಬಾರ್ದು ಅಂತ ನನಗ ಹೇಳಿದಾಕಿ ನಮ್ಮತ್ತಿ. ಎಷ್ಟ ಹಾಲಾತು ಅಂತ ಆಕೀಗಿ ಹನಿ ಹನಿ ಲೆಕ್ಕ ಸಿಗಬೇಕಾಗಿತ್ತು. ಒಡಸಿದ್ದು ಲೆಕ್ಕಕ್ಕ ಸಿಗೂದಿಲ್ಲ, ಒಂದ್ ತುತ್ತ ಸೊಸಿ ತಿಂದಾಳು ಅಂತ ಸಂಕಟ. ಹಟ್ಟಿ ಹಾಲಿಗಿ ಒಡಿಯೂದಿಲ್ಲ, ಮಗಳ."

ಐದನೆಯ ದಿನ ಮುಂಜಾನೆ ರಾಯವ್ವನ ಫೋನು ಬಂತು. ನಾಲ್ಕು ದಿನದಿಂದ ಉತ್ತಮ ಹೈನುಗಾರನ ಮನೆಯಿಂದ ಡೇರಿಗೆ ಒಂದು ಲೋಟ ಹಾಲೂ ಹೋಗಿಲ್ಲ. ಕರುಗಳು ಕುಡಿದು ಡೋಲಿನಂತಾಗಿವೆ. ಕೆಂಚಿ, ಗೌರಿ, ಸಿಂಗಾರಿ ಹಾಲು ಏರಿಸಿಕೊಂಡು ನಿಂತುಬಿಟ್ಟವು, ದೊಡ್ಡವ್ವ ಮಾಲಿಂಗಪ್ಪನ ಮೊಣಕಾಲಿಗೆ ಒದ್ದಳು.

"ಇವತ್ತ ಏನ್ ಮಾಡ್ಯಾನ ಗೊತ್ತೈತೇನ ಯಕ್ಕಾ?" ರಾಯವ್ವನಿಗೆ ನಗು ತಡೆಯದೆ ಮಾತು ತುಂಡಾಗುತ್ತಿತ್ತು. "ನಿನ್ನ ಹಳೇ ಹಸರ ಸೀರಿ ಐತಲ್ಲ, ಹಿಂಡುವಾಗ ಉಡತಿದ್ದಿ, ಅದನ್ನ ಉಟಗೊಂಡ ತೆಲಿಮ್ಯಾಲ ಸೆರಗ ಹೊತ್ತ ದೊಡ್ಡವ್ವನ ಬುಡಕ ಕುಂತಾನ. ನೀನ ಅಂತ ತಿಳೀಲಿ ಅಂತ. ಮೀಸಿ ಸೆರಗಿನ್ಯಾಗಿಂದ ಹೊರಗ ಬಂದಾವ."

"ದೊಡ್ಡವ್ವ ಹಾಲ ಬಿಟ್ಟಳೇನು?"

"ಅರ್ಧ ಚರಿಗಿ ಬಿಟ್ಟಳು. ಆಮ್ಯಾಲ ತಿರಗಿ ಮೂಸಿ ನೋಡಿ ಚರಿಗೀನ ಒದ್ದಳು."

"ಸೀರಿಗಿ ನನ್ನ ವಾಸನಿ ಐತಿ. ಕೈಗಿ ಇಲ್ಲಲ್ಲ."

"ಕರೆಪ್ಪಜ್ಜ ಬೇಲಿ ಮ್ಯಾಲಿಂದ ನೋಡಿ ಕೇಳ್ಯಾನ, ಗುಂಡಿ ಹಾಕವರ ಇಲ್ಲಂತ ಸೀರಿ ಉಟ್ಟೀ ಏನೋ ಮಾಲಿಂಗಾ, ಅಂತ. ಊರೆಲ್ಲಾ ಅದ ಮಾತು." ರಾಯವ್ವ ನಗು ನುಂಗಿದಳು. "ನೀ ಯಾವಾಗ ಬರತಿ ಅಂತ ಕೇಳ ಅಂದಾನ ನಿನ್ನ ಗಂಡ. ಏನ್ ಹೇಳಲಿ?"

ಸುಂದ್ರವ್ವ ಕೊರಳಿನ ಗಂಟನ್ನು ಬೆರಳಿನಲ್ಲಿ ಹೊರಳಿಸಿದಳು. ತಾಯಿ ಕೊಟ್ಟ ಹಾಲು ಹಾಕಿದ ಚಹ ಪಕ್ಕದಲ್ಲಿ ಆರುತ್ತಿತ್ತು. ಅವಳಿಗೆ ಎಲ್ಲಿಗೂ ಓಡುವ ಅವಸರ ಇರಲಿಲ್ಲ.

"ಯಾವಾಗ ಬರತೇನಿ ಅಂತ ಹೇಳಬ್ಯಾಡ" ಎಂದಳು. "ಸೀರಿ ಉಟ್ಟ ಮ್ಯಾಲ ಒಗದು, ಒಣಗಿಸಿ, ಮಡಚಿ ಇಡಬೇಕಂತ ಹೇಳು."